ಗುಡ್ಡದ ಟ್ಯಾಂಕನ್ನು ಚೆಲ್ಲಿದ ವಾರ

ನಲ್ಲಿಯಿಂದ ಸ್ಯಾಂಪಲ್ ಹಿಡಿಯುವುದಕ್ಕೆ ಮೊದಲು ಐದು ನಿಮಿಷ ನೀರು ಬಿಡಬೇಕು. ಮನೆಯ ಸಣ್ಣ ಪೈಪಿನಲ್ಲಿ ನಿಂತಿದ್ದ ನೀರೆಲ್ಲ ಹೋಗಿ, ರಸ್ತೆಯಡಿಯ ದೊಡ್ಡ ಪೈಪಿನ ನೀರು ಬರುವ ತನಕ. ಥರ್ಮಾಮೀಟರ್ ಹಿಡಿದು ನಿಂತರೆ ಗೊತ್ತಾಗುತ್ತದೆ. ಮೊದಲು ಬಿಸಿಲಿಗೆ ಕಾದ ನೀರು ಬರುತ್ತದೆ, ನಿಧಾನವಾಗಿ ತಣ್ಣಗಾಗುತ್ತದೆ, ಆಮೇಲೆ ಒಂದು ಕಡೆ ನಿಲ್ಲುತ್ತದೆ. ಅದು ನಿಂತ ಮೇಲೆಯೇ ಸೀಸೆ ತೆರೆಯಬೇಕು. ಮಳೆಗಾಲಕ್ಕೂ ಬರಗಾಲಕ್ಕೂ ಒಂದೇ ನಿಯಮ.

ಆ ಐದು ನಿಮಿಷದ ನೀರಿನಲ್ಲಿ ಒಂದು ಹನಿಯನ್ನೂ ನೆಲಕ್ಕೆ ಬೀಳಲು ಬಿಡದವರು ಗುಡ್ಡದ ತುದಿಯ ಮನೆಯ ಅಂಕಲ್. ಮೈಸೂರಿನವರು, ಇಲ್ಲಿನ ಏರೋಸ್ಪೇಸ್ ಕಂಪನಿಯೊಂದರಲ್ಲಿ ಎಂಜಿನಿಯರ್ ಆಗಿದ್ದು ರಿಟೈರ್ ಆದವರು. ಅವರ ಮನೆಯ ಮುಂದಿನ ನಲ್ಲಿ ನಮ್ಮ ಸ್ಯಾಂಪಲ್ ಪಟ್ಟಿಯಲ್ಲಿತ್ತು. ಪೈಪು ಅಲ್ಲಿಗೆ ಕೊನೆಯಾಗುತ್ತದೆ, ಆದ್ದರಿಂದ ಗುಡ್ಡದಲ್ಲಿ ಅತಿ ಹಳೆಯ ನೀರು ಸಿಗುವುದು ಅಲ್ಲೇ. ಬುಧವಾರ ಬೆಳಿಗ್ಗೆ ನನ್ನ ಟ್ರಕ್ಕು ನಿಲ್ಲುವಷ್ಟರಲ್ಲಿ ಅವರು ಎರಡು ನೀಲಿ ಬಕೆಟ್ ಹಿಡಿದು ಗ್ಯಾರೇಜಿನಿಂದ ಹೊರಗೆ ಬಂದಿರುತ್ತಿದ್ದರು. ಒಂದು ತುಂಬಿದ ಕೂಡಲೇ ಇನ್ನೊಂದನ್ನು ತಳ್ಳುತ್ತಿದ್ದರು. ತುಂಬಿದ್ದು ಗುಲಾಬಿ ಗಿಡಗಳಿಗೆ.

ಆಂಟಿ ಬಾಗಿಲಿನಿಂದಲೇ ಕೂಗುತ್ತಿದ್ದರು. "ಬಾಮ್ಮಾ, ಕಾಫಿ ಕುಡ್ಕೊಂಡು ಹೋಗು. ಹಂಗೇ ನಿಮ್ಮಂಕಲ್‌ಗೆ ಸ್ವಲ್ಪ ಬುದ್ಧಿ ಹೇಳು. ನಿನ್ನೆ ನನ್ನ ಸ್ನಾನಕ್ಕೆ ಟೈಮರ್ ಇಟ್ರು. ಸೋಪು ಹಚ್ಕೊಂಡಿದೀನಿ, ಹೊರಗಡೆ ಟಿಣ್ ಅಂತ ಹೊಡೀತು!"

"ಇವಳು ಮೈಸೂರಲ್ಲಿ ಒಂದು ಬಕೆಟ್‌ನಲ್ಲಿ ಸ್ನಾನ ಮಾಡ್ತಿದ್ಲು. ಅಮೆರಿಕಾಕ್ಕೆ ಬಂದು ಮಹಾರಾಣಿ ಆದ್ಲು," ಎನ್ನುವರು ಅಂಕಲ್.

ಆಂಟಿಗೆ ಎರಡು ವರ್ಷದ ಹಿಂದೆ ಕಿಡ್ನಿ ಕಸಿ ಮಾಡಿದ್ದರು. ಹೊಸ ಕಿಡ್ನಿಯನ್ನು ಮೈ ತಿರಸ್ಕರಿಸದಿರಲೆಂದು ಕೊಡುವ ಮಾತ್ರೆಗಳು ರೋಗ ತಡೆಯುವ ಶಕ್ತಿಯನ್ನೇ ತಗ್ಗಿಸುತ್ತವೆ. ಡಾಕ್ಟರು ನೀರು ಕಾಯಿಸಿ ಕುಡಿಯಿರಿ ಎಂದಿದ್ದರಂತೆ. ಅಂಕಲ್ ಬೇಡವೆಂದರು. "ಟೆಸ್ಟ್ ಮಾಡೋ ಹುಡುಗೀನೇ ನಮ್ಮನೆ ನಲ್ಲಿಗೆ ವಾರ ವಾರ ಬರ್ತಾಳೆ. ಇದಕ್ಕಿಂತ ಗ್ಯಾರಂಟಿ ಬೇಕಾ?" ಐವತ್ತು ದಾಟಿದವಳನ್ನು ಹುಡುಗಿ ಎನ್ನುವವರು ಈ ದೇಶದಲ್ಲಿ ಅವರೊಬ್ಬರೇ. ನನಗೂ ಆ ಮಾತು ಹಿತವಾಗಿತ್ತು.

ಲಾಸ್ ಏಂಜಲಿಸ್‌ನ ಉತ್ತರಕ್ಕೆ, ಪೋರ್ಟರ್ ರ್ಯಾಂಚ್ ದಾಟಿ ಇನ್ನೊಂದೆರಡು ಗುಡ್ಡದಾಚೆ, ಒಂದು ಸಣ್ಣ ನೀರು ಸರಬರಾಜು ಸಂಸ್ಥೆಯ ಲ್ಯಾಬ್‌ನಲ್ಲಿ ನನ್ನ ಕೆಲಸ. ಈಗ ಹೇಳುತ್ತಿರುವುದು 2022ರ ಬೇಸಿಗೆಯ ಮಾತು. ಉತ್ತರದ ಪರ್ವತಗಳಲ್ಲಿ ಬೀಳಬೇಕಾದಷ್ಟು ಹಿಮ ಬಿದ್ದಿರಲಿಲ್ಲ. ಕಾಲುವೆಯಲ್ಲಿ ನಮಗೆ ಬರುವ ಪಾಲನ್ನು ತೀರ ಇಳಿಸಿದ್ದರು. ಜೂನ್‌ನಿಂದ ಅಂಗಳಕ್ಕೆ ವಾರದಲ್ಲಿ ಒಂದೇ ದಿನ ನೀರು.

ಅದಕ್ಕೂ ಮೊದಲು, ಏಪ್ರಿಲ್‌ನಲ್ಲಿ, ಒಂದು ಮೀಟಿಂಗ್ ಆಗಿತ್ತು. ಗುಡ್ಡದ ಮೇಲಿನ ಟ್ಯಾಂಕನ್ನು ಬೇಸಿಗೆ ಪೂರ್ತಿ ಯಾವ ಮಟ್ಟದಲ್ಲಿ ಇಡಬೇಕು ಎಂಬುದು ಪ್ರಶ್ನೆ. ಎರಡು ಮಿಲಿಯನ್ ಗ್ಯಾಲನ್‌ನ ಉಕ್ಕಿನ ಟ್ಯಾಂಕು. ಮೇಲಿನ ಮನೆಗಳಿಗೆಲ್ಲ ಅದೊಂದೇ ಆಧಾರ. ಬೆಂಕಿ ಬಿದ್ದರೆ ಅಗ್ನಿಶಾಮಕದವರು ಕೊಳವೆ ಜೋಡಿಸುವ ಹೈಡ್ರಂಟುಗಳಿಗೂ ಅದೇ. ಅಲ್ಲಿದ್ದ ಕಾರ್ಯಾಚರಣೆಯ ಮುಖ್ಯಸ್ಥರು ನನ್ನ ಕಡೆ ತಿರುಗಿ, "ನೀರಿನ ಗುಣಮಟ್ಟದ ದೃಷ್ಟಿಯಿಂದ ನಿಮ್ಮ ಅಭಿಪ್ರಾಯ ಏನು?" ಎಂದು ಕೇಳಿದರು.

"ತುಂಬಿಸಿಡೋಣ. ಕುತ್ತಿಗೆವರೆಗೂ," ಎಂದೆ.

ಯೋಚಿಸಿ ಹೇಳಿದ ಮಾತಲ್ಲ. ಮೈಸೂರಿನ ನಮ್ಮ ಮನೆಗೆ ಕಾರ್ಪೊರೇಷನ್ ನೀರು ದಿನ ಬಿಟ್ಟು ದಿನ ಬರುತ್ತಿತ್ತು. ನಲ್ಲಿ ಕೊರ್ ಕೊರ್ ಎನ್ನುವುದು ಕೇಳಿದರೆ ಪರೀಕ್ಷೆಗೆ ಓದುತ್ತಿದ್ದವರೂ ಪುಸ್ತಕ ಮಗುಚಿಟ್ಟು ಓಡಬೇಕು. ತೊಟ್ಟಿ, ಹಂಡೆ, ಕೊಡ, ಕೊನೆಗೆ ಸಾರಿನ ಪಾತ್ರೆ, ಎಲ್ಲವೂ ತುಂಬಬೇಕು. ನೀರು ಬರುವುದಿಲ್ಲ ಎಂಬ ಸುದ್ದಿ ಬಂದಾಗ ನನ್ನ ಕೈಗೆ ಗೊತ್ತಿದ್ದ ಉತ್ತರ ಅದೊಂದೇ. ಲ್ಯಾಬ್‌ನಲ್ಲಿ ಇಪ್ಪತ್ತು ವರ್ಷ ಕಲಿತದ್ದು ಬೇರೆಯೇ ಹೇಳುತ್ತದೆ: ತುಂಬಿಸಿದ ನೀರು ಬೇಗ ಖರ್ಚಾಗದಿದ್ದರೆ ಹಳಸುತ್ತದೆ. ಜನ ಈ ಬೇಸಿಗೆ ನೀರು ಕಡಿಮೆ ಬಳಸುತ್ತಾರೆ ಎಂಬುದೂ ಆ ಮೀಟಿಂಗ್‌ನಲ್ಲಿ ಎಲ್ಲರಿಗೂ ಗೊತ್ತಿತ್ತು. ಎರಡನ್ನೂ ಕೂಡಿಸಿ ನೋಡುವ ಕೆಲಸ ನನ್ನದಾಗಿತ್ತು. ನಾನು ಕೂಡಿಸಲಿಲ್ಲ.

ಗುಡ್ಡದವರು ನೀರನ್ನು ಕಡಿಮೆ ಬಳಸಿದ್ದಷ್ಟೇ ಅಲ್ಲ, ಹಟ ಹಿಡಿದು ಉಳಿಸಿದರು. ಅದಕ್ಕೆ ಕಾರಣ ಅಂಕಲ್. ಮನೆ ಮನೆಗೆ ಹೋಗಿ ಗಂಟೆ ಬಾರಿಸಿದರು. ಹುಲ್ಲು ಒಣಗಿ ಕಂದಾದರೂ ಆಗಲಿ ಎಂದು ಬಡಾವಣೆಯ ಅಸೋಸಿಯೇಷನ್‌ನವರನ್ನು ಒಪ್ಪಿಸಿದರು. ಶವರ್ ಬಿಸಿಯಾಗುವ ತನಕ ಬೀಳುವ ತಣ್ಣೀರಿಗೆ ಬಕೆಟ್ ಇಡುವುದನ್ನು ಮಕ್ಕಳಿಗೆ ಕಲಿಸಿದರು. ಪಕ್ಕದ ಮನೆಯವನು ಅವರಿಗೆ 'ವಾಟರ್ ಶೆರಿಫ್', ನೀರಿನ ಪೊಲೀಸ್, ಎಂದು ಹೆಸರಿಟ್ಟಿದ್ದ. ಅಂಕಲ್‌ಗೆ ಅದು ಬೈಗುಳ ಎನಿಸಲೇ ಇಲ್ಲ, ಬಿರುದು ಎನಿಸಿತು. ಆಗಸ್ಟ್ ಹೊತ್ತಿಗೆ ಗುಡ್ಡದ ಬಳಕೆ ನಾವು ಯಾರೂ ಊಹಿಸದಷ್ಟು ಇಳಿದಿತ್ತು.

ನಮ್ಮ ಟ್ಯಾಂಕಿಗೆ ತುಂಬುವುದಕ್ಕೂ ಇಳಿಯುವುದಕ್ಕೂ ತಳದಲ್ಲಿ ಒಂದೇ ಪೈಪು. ಆದ್ದರಿಂದ ಕೊನೆಗೆ ಬಂದ ನೀರು ಮೊದಲು ಹೋಗುತ್ತದೆ; ಮೇಲಿನ ನೀರು ಹಾಗೇ ಕೂತಿರುತ್ತದೆ, ಉಕ್ಕಿನ ಮುಚ್ಚಳದಡಿ, ಬೇಯುತ್ತಾ. ನಾವು ನೀರಿಗೆ ಹಾಕುವ ಔಷಧ ಬರೀ ಕ್ಲೋರಿನ್ ಅಲ್ಲ. ಕ್ಲೋರಿನ್ ಜೊತೆ ಒಂದಿಷ್ಟು ಅಮೋನಿಯಾ ಸೇರಿರುತ್ತದೆ, ಹೆಚ್ಚು ದಿನ ಬಾಳಲಿ ಎಂದು. ನೀರು ತೀರ ಹಳೆಯದಾದರೆ ಆ ಜೋಡಿ ಬಿಟ್ಟುಕೊಳ್ಳುತ್ತದೆ. ಬಿಟ್ಟ ಅಮೋನಿಯಾವನ್ನು ತಿನ್ನುವ ಬ್ಯಾಕ್ಟೀರಿಯಾ ಗೋಡೆಯ ಲೋಳೆಯಲ್ಲಿ ಬೆಳೆಯುತ್ತವೆ. ತಿಂದು ನೈಟ್ರೈಟ್ ಮಾಡುತ್ತವೆ. ಆ ನೈಟ್ರೈಟ್ ಉಳಿದ ಕ್ಲೋರಿನ್ನನ್ನೂ ಮುಗಿಸುತ್ತದೆ. ಒಮ್ಮೆ ಶುರುವಾದರೆ ತನ್ನ ಪಾಡಿಗೆ ತಾನೇ ಬೆಳೆಯುವ ರೋಗ ಅದು.

ಪರೀಕ್ಷೆಗೆ ಎರಡು ಗಾಜಿನ ಸೀಸೆ. ಎರಡಕ್ಕೂ ಬೇರೆ ಬೇರೆ ಪುಡಿ, ಎರಡರಲ್ಲೂ ಬರುವ ಬಣ್ಣ ಗುಲಾಬಿ. ಕ್ಲೋರಿನ್ ಸೀಸೆಯಲ್ಲಿ ಗುಲಾಬಿ ಗಾಢವಾಗಿದ್ದರೆ ಒಳ್ಳೆಯದು. ನೈಟ್ರೈಟ್ ಸೀಸೆಯಲ್ಲಿ ಗುಲಾಬಿ ಕಂಡರೇ ಕೆಟ್ಟದ್ದು. ಜುಲೈನ ಮೂರನೆಯ ಬುಧವಾರ, ಅಂಕಲ್ ಮನೆಯ ಮುಂದೆ, ಒಂದರ ಬಣ್ಣ ತೆಳುವಾಗಿ ಇನ್ನೊಂದಕ್ಕೆ ಬಣ್ಣ ಬಂದದ್ದನ್ನು ಮೊದಲ ಸಲ ನೋಡಿದೆ. ಪ್ರತಿ ಬೇಸಿಗೆಯಲ್ಲೂ ಲೀಟರಿಗೆ ಎರಡು ಮಿಲಿಗ್ರಾಂ ಮೇಲೆ ನಿಲ್ಲುತ್ತಿದ್ದ ಕ್ಲೋರಿನ್ ಒಂದೂಕಾಲಕ್ಕೆ ಬಂದಿತ್ತು.

"ಎಷ್ಟಮ್ಮ?" ಎಂದು ಕೇಳಿದರು ಅಂಕಲ್. ಪ್ರತಿ ವಾರ ಕೇಳುವಂತೆಯೇ.

"ಸ್ವಲ್ಪ ಕಡಿಮೆ ಇದೆ ಅಂಕಲ್. ಬಿಸಿಲು."

ಬಿಸಿಲೂ ಇತ್ತು ಎನ್ನಿ.

ಮೊದಲ ಉಪಾಯ ಟ್ಯಾಂಕಿನ ಮಟ್ಟ ಇಳಿಸುವುದು. ಮುಖ್ಯಸ್ಥರು ಬೆಂಕಿಯ ಕಾಲ ಎಂದು ಹಿಂಜರಿದು, ಮೂರರಲ್ಲಿ ಎರಡು ಭಾಗಕ್ಕೆ ಇಳಿಸಲು ಒಪ್ಪಿದರು. ಪಂಪು ನಿಲ್ಲಿಸಿ ಜನ ಬಳಸಲಿ ಎಂದು ಕಾದೆವು. ಎರಡು ದಿನದಲ್ಲಿ ಆಗಬೇಕಿದ್ದ ಕೆಲಸಕ್ಕೆ ವಾರ ಹಿಡಿಯಿತು. ಯಾರೂ ನೀರು ಬಳಸುತ್ತಲೇ ಇಲ್ಲ! ಪೈಪು ತೊಳೆಯಲು ಹೈಡ್ರಂಟ್ ತೆರೆಯೋಣ ಎಂದರೆ ಮುಖ್ಯಸ್ಥರು ಖಡಾಖಂಡಿತವಾಗಿ ಬೇಡವೆಂದರು. "ಅಂಗಳಕ್ಕೆ ನೀರು ಬಿಟ್ಟವರಿಗೆ ನೋಟೀಸ್ ಕೊಡ್ತಿದ್ದೀವಿ. ನಾವೇ ರಸ್ತೇಲಿ ನೀರು ಹರಿಸೋದಾ?"

ಎರಡನೆಯದು ಮೇಲಿನ ಮುಚ್ಚಳ ತೆರೆದು ಕ್ಲೋರಿನ್ ಸುರಿಯುವುದು. ಫೀಲ್ಡ್ ಆಪರೇಟರ್ ನನ್ನೊಂದಿಗೆ ಹತ್ತಿದ. ಮೆಕ್ಸಿಕೋ ಮೂಲದವನು, ಇಪ್ಪತ್ತೆಂಟು ವರ್ಷದಿಂದ ಈ ಗುಡ್ಡಗಳ ಮೇಲೇ ಇರುವವನು. ಆ ಟ್ಯಾಂಕನ್ನು 'ಅಜ್ಜಿ' ಎನ್ನುತ್ತಿದ್ದ, ತನ್ನ ಭಾಷೆಯಲ್ಲಿ. ಮುಚ್ಚಳ ಎತ್ತಿದಾಗ ಬಿಸಿ ಉಸಿರಿನಂತೆ ಗಾಳಿ ಬಂತು. ಟಾರ್ಚ್ ಹಾಕಿದರೆ ನೀರು ತಿಳಿಯಾಗಿಯೇ ಇತ್ತು, ಗೋಡೆಯ ವೆಲ್ಡಿಂಗ್ ಗೆರೆ ಆಳದ ತನಕ ಕಾಣುವಷ್ಟು ತಿಳಿ. ಅದೇ ಭಯದ ವಿಷಯ. ಕೆಟ್ಟ ನೀರು ಕೆಟ್ಟದಾಗಿ ಕಾಣುವುದಿಲ್ಲ.

"ಅಜ್ಜಿಗೆ ಜ್ವರ," ಎಂದ ಅವನು. "ಔಷಧ ಕೊಡ್ತೀವಿ, ಕುಡೀತಾಳೆ. ಜ್ವರ ಬಿಡಲ್ಲ, ನೋಡ್ತಾ ಇರಿ."

ಎರಡು ದಿನ ಕ್ಲೋರಿನ್ ಏರಿತು. ನಾಲ್ಕನೆಯ ದಿನ ಮೊದಲಿಗಿಂತ ಕೆಳಗೆ ಬಂತು. ಮತ್ತೆ ಹಾಕಿದೆವು, ಮತ್ತೆ ಹಾಗೇ. ಆಗಸ್ಟ್ ಪೂರ್ತಿ ಇದೇ ಕೆಲಸ. ಬೆಳಿಗ್ಗೆ ಏಣಿ, ಮಧ್ಯಾಹ್ನ ಲ್ಯಾಬ್, ಟ್ರಕ್ಕಿನಲ್ಲೇ ಮೊಸರವಲಕ್ಕಿ.

ಸೆಪ್ಟೆಂಬರ್ ನಡುವೆ ಒಂದು ಗುರುವಾರ, ಹಿಂದಿನ ದಿನದ ಸೀಸೆಗಳನ್ನು ಇನ್‌ಕ್ಯುಬೇಟರ್‌ನಿಂದ ತೆಗೆದೆ. ಬ್ಯಾಕ್ಟೀರಿಯಾ ಪರೀಕ್ಷೆಯಲ್ಲಿ ನೀರು ಬಣ್ಣವಿಲ್ಲದೆ ಉಳಿಯಬೇಕು. ಒಂದು ಹಳದಿಯಾಗಿತ್ತು. ಮೇಲಿನ ಚೀಟಿ ಓದುವ ಅಗತ್ಯವಿರಲಿಲ್ಲ, ಆದರೂ ಓದಿದೆ. ಅಂಕಲ್ ಮನೆಯ ನಲ್ಲಿ. ನೇರಳೆ ದೀಪದಡಿ ಹಿಡಿದು ನೋಡಿದೆ; ನೀಲಿ ಹೊಳಪಿಲ್ಲ. ಅಂದರೆ ಮಲದ ಸೋಂಕಲ್ಲ. ಆದರೂ ನೀರಿನಲ್ಲಿ ಇರಬಾರದ ಬ್ಯಾಕ್ಟೀರಿಯಾ ಇದ್ದವು.

ಕೂಡಲೇ ಅದೇ ನಲ್ಲಿ, ಅದೇ ಪೈಪಿನಲ್ಲಿ ಅದಕ್ಕೆ ಮೊದಲು ಬರುವ ಎರಡು ನಲ್ಲಿ, ಹೀಗೆ ಮೂರು ಕಡೆ ಮರುಪರೀಕ್ಷೆಗೆ ನೀರು ಹಿಡಿದೆವು. ಆಂಟಿಗೆ ನಾನೇ ಹೇಳಿದೆ. "ಒಂದು ನಾಲ್ಕು ದಿನ ನೀರು ಕಾಯಿಸಿ ಕುಡೀರಿ ಆಂಟಿ. ಒಂದು ಟೆಸ್ಟ್ ಸರಿ ಬಂದಿಲ್ಲ, ಇನ್ನೊಂದ್ಸಲ ಮಾಡ್ತಿದೀನಿ." ಅವರು ನನ್ನ ಮುಖ ನೋಡಿ, "ಆಯ್ತಮ್ಮ" ಎಂದರು. ಅಂಕಲ್ ಬಕೆಟ್ ಎತ್ತಿಕೊಂಡು ಗಿಡಗಳ ಕಡೆ ಹೋದರು.

ಮರುದಿನ ಮೂರೂ ಸೀಸೆ ತಿಳಿಯಾಗಿ ಬಂದವು. ನಿಯಮದ ಪ್ರಕಾರ ವಿಷಯ ಅಲ್ಲಿಗೆ ಮುಗಿಯಿತು. ಮುಖ್ಯಸ್ಥರ ಮುಖದಲ್ಲಿ ಒಂದು ತಿಂಗಳ ಮೇಲೆ ನಗು ಕಂಡಿತು.

ಆ ಮಧ್ಯಾಹ್ನ ಟ್ರಕ್ಕಿನಲ್ಲಿ ಕೂತು ಸ್ಯಾನ್ ಡಿಯಾಗೋದ ಗೆಳತಿಗೆ ಫೋನ್ ಮಾಡಿದೆ. ಮೈಸೂರಿನಲ್ಲಿ ಎಂ.ಎಸ್ಸಿ. ಓದುವಾಗ ಒಂದೇ ಬೆಂಚಿನವರು ನಾವು. ಈಗ ಅವಳು ಸ್ಕ್ರಿಪ್ಸ್ ರ್ಯಾಂಚ್‌ನಲ್ಲಿ ಮನೆ ಮಾಡಿಕೊಂಡು, ಆ ಕಡೆಯ ಒಂದು ನೀರಿನ ಲ್ಯಾಬ್ ನಡೆಸುತ್ತಾಳೆ. ಎಲ್ಲ ಹೇಳಿದೆ, ನೈಟ್ರೈಟ್ ಅಂಕಿಗಳ ಸಮೇತ.

"ಚೆಲ್ಲು," ಎಂದಳು.

"ಏನೇ, ಎರಡು ಮಿಲಿಯನ್ ಗ್ಯಾಲನ್ ಟ್ಯಾಂಕು ಕಣೇ! ಈ ಬರದಲ್ಲಿ!"

"ಗೊತ್ತು. ನಮ್ ಕಡೆ ಸಮುದ್ರದ ನೀರು ಸಿಹಿ ಮಾಡೋ ಪ್ಲಾಂಟ್ ಇದೆ, ನಾವು ಆರಾಮಾಗಿ ಹೇಳ್ತೀವಿ ಅಂತ ಬೈಕೋ. ಬೈಕೊಂಡು ಚೆಲ್ಲು. ಮೂರು ಸೀಸೆ ಕ್ಲೀನ್ ಬಂತು ಅಂತ ಖುಷಿ ಪಡ್ತಿದೀಯಲ್ಲ, ಒಂದು ಯಾಕೆ ಹಳದಿ ಬಂತು ಹೇಳು ನೋಡೋಣ?"

ಪಕ್ಕದ ಸೀಟಿನ ಮೇಲಿದ್ದ ಅಂಕಿಗಳ ಹಾಳೆ ತಿರುವಿದೆ.

"ಅದ್ಸರಿ, ಅಷ್ಟೊಂದು ತುಂಬಿಸಿಡು ಅಂತ ಹೇಳಿದ ಪುಣ್ಯಾತ್ಮ ಯಾರೇ?"

"ನಾನೇ."

ಅವಳ ದನಿ ಮೆತ್ತಗಾಯಿತು. "ನಿಮ್ಮಮ್ಮ ಏನ್ಮಾಡ್ತಿದ್ರು? ನಾನೇ ನೋಡಿದೀನಲ್ಲ ನಿಮ್ಮನೇಲಿ. ಹೊಸ ನೀರು ಬಂತು ಅಂದ್ರೆ ಮೊದಲು ಹಳೇದನ್ನ ಅಂಗಳಕ್ಕೆ ಚೆಲ್ಲಿ, ಹುಣಸೆಹಣ್ಣು ಹಾಕಿ ಕೊಡ ಉಜ್ಜಿ, ಆಮೇಲೆ ಹಿಡೀತಿದ್ರು. ಅರ್ಧ ಕಲ್ತಿದೀಯ ನೀನು."

ಫೋನ್ ಇಟ್ಟ ಮೇಲೆ ಅರ್ಧ ತಿಂದ ಮೊಸರವಲಕ್ಕಿ ಡಬ್ಬಿಯ ಮುಚ್ಚಳ ಮುಚ್ಚಿದೆ.

ಟ್ಯಾಂಕು ಖಾಲಿ ಮಾಡುವುದೆಂದರೆ ಬರೀ ನೀರು ಚೆಲ್ಲುವುದಲ್ಲ. ಖಾಲಿ ಮಾಡಬೇಕು, ತಳದ ಕೆಸರು ತೆಗೆಯಬೇಕು, ಗೋಡೆ ತೊಳೆಯಬೇಕು, ಔಷಧ ಸಿಂಪಡಿಸಬೇಕು, ತುಂಬಿಸಬೇಕು, ಒಂದು ದಿನದ ಅಂತರದಲ್ಲಿ ಎರಡು ಪರೀಕ್ಷೆ ಪಾಸಾಗಬೇಕು. ಒಂದು ವಾರ. ಆ ವಾರ ಪೂರ್ತಿ ಗುಡ್ಡಕ್ಕೆ ಕೆಳಗಿನ ಪಂಪಿನಿಂದ ನೇರ ನೀರು. ಪಂಪಿಗೆ ಕರೆಂಟ್ ಬೇಕು. ಒಳನಾಡಿನಿಂದ ಒಣಗಾಳಿ ಬೀಸಿದರೆ, ತಂತಿ ತಾಗಿ ಬೆಂಕಿ ಹತ್ತೀತೆಂದು ವಿದ್ಯುತ್ ಕಂಪನಿಯವರು ಕರೆಂಟನ್ನೇ ತೆಗೆಯುತ್ತಾರೆ. ಅಂಥ ದಿನ ಬೆಂಕಿ ಬಿದ್ದರೆ ಮೇಲೆ ಟ್ಯಾಂಕಿನಲ್ಲಿ ನೀರಿಲ್ಲ, ಕೆಳಗೆ ಪಂಪಿಲ್ಲ.

ಅದೇ ಶುಕ್ರವಾರ ಸಂಜೆ ಮುಖ್ಯಸ್ಥರ ಕೋಣೆಯಲ್ಲಿ ನಾನು ಕಾಗದ ಇಟ್ಟೆ. ಮೊದಲ ಸಾಲಿನಲ್ಲೇ ಬರೆದಿದ್ದೆ: ಏಪ್ರಿಲ್‌ನಲ್ಲಿ ಪೂರ್ತಿ ತುಂಬಿಸಿಡಲು ನಾನು ಕೊಟ್ಟ ಸಲಹೆ ತಪ್ಪಾಗಿತ್ತು.

ಅವರು ಓದಿ ಕನ್ನಡಕ ತೆಗೆದರು. "ಇದನ್ನ ಬರೆಯೋ ಅಗತ್ಯ ಇರಲಿಲ್ಲ."

"ಇತ್ತು. ಇಲ್ಲದಿದ್ರೆ ನೀವು ಬಿಸಿಲಿನ ಮೇಲೆ ಹಾಕಿ, ಅಕ್ಟೋಬರ್ ಕಳೀಲಿ ಅಂತೀರಿ."

"ಅಕ್ಟೋಬರ್ ಕಳೀಲಿ ಅಂತಾನೇ ಹೇಳೋಣ ಅಂತಿದ್ದೆ. ಗಾಳಿ ಕಾಲ ಇದು. ಮರುಪರೀಕ್ಷೆ ಕ್ಲೀನ್ ಇದೆ, ಕಾನೂನು ಪ್ರಕಾರ ನಾವು ಸರಿ ಇದ್ದೀವಿ."

"ಆ ನಲ್ಲಿಯ ಮನೇಲಿ ಕಿಡ್ನಿ ಕಸಿ ಆದವರಿದ್ದಾರೆ," ಎಂದೆ. "ಅವರು ಕಾಯಿಸದೆ ಕುಡೀತಿದ್ರು, ನಾನು ಪರೀಕ್ಷೆ ಮಾಡ್ತೀನಿ ಅಂತ. ಮುಂದಿನ ಹಳದಿ ಸೀಸೆ ಬರೋ ಹೊತ್ತಿಗೆ ಅವರು ಒಂದು ದಿನದ ನೀರು ಕುಡಿದಿರ್ತಾರೆ. ಉತ್ತರ ಬರೋದೇ ಮಾರನೇ ದಿನ."

ಅವರು ಕಿಟಕಿಯ ಹೊರಗೆ ನೋಡಿದರು. ಹೊರಗೆ ನಮ್ಮದೇ ಸಂಸ್ಥೆಯ ಸತ್ತ ಹುಲ್ಲು. ಆಮೇಲೆ ಹವಾಮಾನದ ಪುಟ ತೆರೆದು, ಹತ್ತು ದಿನದ ಮುನ್ಸೂಚನೆಯನ್ನು ಬೆರಳಿಟ್ಟು ಓದಿದರು. ಅಗ್ನಿಶಾಮಕದವರಿಗೆ ಫೋನ್ ಮಾಡಿದರು. ಬಾಡಿಗೆ ಜನರೇಟರ್ ತರಿಸಲು ಹೇಳಿದರು. "ಸೋಮವಾರ," ಎಂದರು. ಅಷ್ಟೇ.

ಮನೆಗಳ ಬಾಗಿಲಿಗೆ ತೂಗುಹಾಕುವ ನೋಟೀಸು ಕಚೇರಿಯಿಂದ ಅಚ್ಚಾಗಿ ಬಂತು. 'ನಿಗದಿತ ನಿರ್ವಹಣಾ ಕೆಲಸ' ಎಂದಿತ್ತು. ನಾನು ಬದಲಿಸಿ ಎಂದು ಕೇಳಿದೆ. ಅದು ನಿಮ್ಮ ವಿಭಾಗವಲ್ಲ ಎಂಬ ಉತ್ತರ ಬಂತು. ಮತ್ತೆ ಕೇಳಲಿಲ್ಲ. ಟ್ಯಾಂಕಿನ ವಿಷಯಕ್ಕೆ ಮಾಡಿದಷ್ಟು ಹಟ ಆ ಒಂದು ಸಾಲಿಗೂ ಮಾಡಬೇಕಿತ್ತೆಂದು ಈಗ ಅನಿಸುತ್ತದೆ.

ಸೋಮವಾರ ಬೆಳಿಗ್ಗೆ ಎಂಟಕ್ಕೆ ಆಪರೇಟರ್ ವಾಲ್ವಿನ ಚಕ್ರ ತಿರುಗಿಸಿದ. ಪಾರ್ಕಿನ ಮರಗಳಿಗೆಂದು ಎರಡು ಟ್ಯಾಂಕರ್ ಲಾರಿ ತರಿಸಿದ್ದೆವು. ಅವು ದಿನವಿಡೀ ಓಡಿದರೂ ಹೊತ್ತದ್ದು ಮೇಲಿನ ಕೆನೆಯಷ್ಟು. ಮಿಕ್ಕದ್ದೆಲ್ಲ ರಸ್ತೆಯಂಚಿನ ಮಳೆನೀರಿನ ಚರಂಡಿಗೆ. ಹಳ್ಳಕ್ಕೆ ಸೇರುವ ನೀರಿನಲ್ಲಿ ಕ್ಲೋರಿನ್ ಇರಬಾರದು, ಮೀನು ಸಾಯುತ್ತವೆ. ಆದ್ದರಿಂದ ಹರಿವಿನ ಅಡ್ಡಕ್ಕೆ ಕ್ಲೋರಿನ್ ತೆಗೆಯುವ ವಿಟಮಿನ್ ಸಿ ಮಾತ್ರೆಗಳ ಜಾಲರಿ ಇಟ್ಟು, ಅರ್ಧ ಗಂಟೆಗೊಮ್ಮೆ ಕೆಳಗೆ ನಿಂತು ಪರೀಕ್ಷಿಸುವುದು ನನ್ನ ಪಾಳಿ. ಸೀಸೆಯಲ್ಲಿ ಬಣ್ಣವೇ ಬರಲಿಲ್ಲ. ಜಾಲರಿಯ ಮೇಲಿನ ನೀರನ್ನು ಹಿಡಿದು ನೋಡಿದೆ, ಅದರಲ್ಲೂ ಬಣ್ಣ ಬಂದದ್ದು ಕಂಡೂ ಕಾಣದಷ್ಟು. ತೆಗೆಯಲು ಕ್ಲೋರಿನ್ ಉಳಿದೇ ಇರಲಿಲ್ಲ.

ಹತ್ತು ಗಂಟೆಯ ಹೊತ್ತಿಗೆ ಜನ ಡ್ರೈವ್‌ವೇಗಳಲ್ಲಿ ನಿಂತಿದ್ದರು. ಕೆಲವರು ಫೋನಿನಲ್ಲಿ ವಿಡಿಯೋ ಹಿಡಿಯುತ್ತಿದ್ದರು. ಎರಡೂ ಕಡೆ ಕಂದು ಹುಲ್ಲು, ನಡುವೆ ತಿಳಿನೀರು ಸದ್ದು ಮಾಡುತ್ತಾ ಇಳಿಯುತ್ತಿತ್ತು. ಪಕ್ಕದ ಮನೆಯವನು ಜೋರಾಗಿ ಕೂಗಿದ, "ಹೇ ಶೆರಿಫ್! ಯಾರನ್ನ ಅರೆಸ್ಟ್ ಮಾಡ್ತೀಯ ಈಗ?" ಯಾರೋ ನಕ್ಕರು.

ಅಂಕಲ್ ನನ್ನ ಕಡೆ ಬಂದರು. ಕೈಯಲ್ಲಿ ಅಭ್ಯಾಸಬಲದಿಂದ ಒಂದು ಬಕೆಟ್. ಇನ್ನೊಂದು ಕೈಯಲ್ಲಿ ಆ ನೋಟೀಸು.

"ಏನಮ್ಮ ಇದು? ನಿಗದಿತ ನಿರ್ವಹಣೆ ಅಂದ್ರೆ ಇದೇನಾ?"

"ಅಲ್ಲ ಅಂಕಲ್. ನೀರು ಕೆಟ್ಟಿದೆ."

"ನಾವು ಉಳಿಸಿದ ನೀರು?"

"ಹೂಂ. ಉಳಿಸಿದ್ದಕ್ಕೇ ನಿಂತುಬಿಡ್ತು, ನಿಂತಿದ್ದಕ್ಕೆ ಕೆಡ್ತು. ಆದ್ರೆ ತಪ್ಪು ನಿಮ್ದಲ್ಲ. ಟ್ಯಾಂಕ್ ಅಷ್ಟು ತುಂಬಿಸಬಾರದಿತ್ತು. ಜನ ಕಡಿಮೆ ಬಳಸ್ತಾರೆ ಅಂತ ಗೊತ್ತಿದ್ದೂ ತುಂಬಿಸಿಡಿ ಅಂತ ಹೇಳಿದ್ದು ನಾನು."

ಎಂಜಿನಿಯರ್ ಆಗಿದ್ದವರು, ಬಿಡಿಸಿ ಹೇಳುವುದು ಬೇಕಾಗಲಿಲ್ಲ. ಅವರು ಹರಿಯುವ ನೀರನ್ನೇ ನೋಡುತ್ತಾ ನಿಂತರು.

"ಜುಲೈನಲ್ಲಿ ಬಿಸಿಲು ಅಂದೆ."

"ಅಂದೆ ಅಂಕಲ್."

"ಆವಾಗ್ಲೇ ಗೊತ್ತಿತ್ತಾ?"

"ಅನುಮಾನ ಇತ್ತು."

"ಅವತ್ತೇ ಹೇಳಿದ್ರೆ ನಾನೇ ಮನೆಮನೆಗೂ ಹೋಗಿ ಹೇಳ್ತಿದ್ದೆ, ಒಂದು ವಾರ ಧಾರಾಳವಾಗಿ ಬಳಸ್ರಪ್ಪ ಅಂತ. ಟ್ಯಾಂಕ್ ತಾನಾಗೇ ಇಳೀತಿತ್ತು. ಅಲ್ವಾ?"

ಆ ಮಾತು ನನಗೆ ಹೊಳೆದಿರಲೇ ಇಲ್ಲ. ಮುಖ್ಯಸ್ಥರಿಗೂ ಇಲ್ಲ, ಯಾರಿಗೂ ಇಲ್ಲ. ನೀರು ಬಳಸಿ ಎಂದು ಬರಗಾಲದಲ್ಲಿ ಜನರನ್ನು ಕೇಳಬಹುದು ಎಂಬುದು ನಮ್ಮ ಲೆಕ್ಕದಲ್ಲೇ ಇರಲಿಲ್ಲ. ಹೇಳಿದ್ದರೆ ಅವರು ಮಾಡುತ್ತಿದ್ದರು. ಗುಡ್ಡವೂ ಅವರ ಮಾತು ಕೇಳುತ್ತಿತ್ತು, ಜುಲೈನಲ್ಲಿ.

"ಹೌದು ಅಂಕಲ್," ಎಂದೆ.

"ಅವಳಿಗೆ ನಾನೇ ಕುಡಿಸ್ದೆ," ಎಂದರು, ಮನೆಯ ಕಡೆ ಒಂದು ಸಲ ತಿರುಗಿ. "ಕಾಯಿಸೋದೇನೂ ಬೇಡ ಅಂತ." ಬಕೆಟ್ ಮುಳುಗಿಸಲಿಲ್ಲ. ಖಾಲಿ ಬಕೆಟ್ ಹಿಡಿದೇ ಮನೆಗೆ ಹೋದರು.

ಬುಧವಾರ ಟ್ಯಾಂಕಿನೊಳಗೆ ಇಳಿದೆವು. ಪಾದ ಮುಳುಗುವಷ್ಟು ಕಂದು ಕೆಸರು, ಗೋಡೆ ಮುಟ್ಟಿದರೆ ಜಾರುತ್ತಿತ್ತು. ಅದೇ ಮಧ್ಯಾಹ್ನ ಮುನ್ಸೂಚನೆ ಬದಲಾಯಿತು: ಗುರುವಾರ ಒಣಗಾಳಿ, ಕರೆಂಟ್ ತೆಗೆಯುವ ಸಾಧ್ಯತೆ. ಆಪರೇಟರ್ ಜನರೇಟರಿಗೆ ಡೀಸೆಲ್ ತುಂಬಿಸಿ ಬಂದ. ಗುರುವಾರ ಇಡೀ ಹಗಲು ನಾವಿಬ್ಬರೂ ಪಂಪಿನ ಮನೆಯ ಮುಂದೆ ಕುಳಿತಿದ್ದೆವು. ಗಾಳಿ ಬಂತು. ಒಣಹುಲ್ಲು ಬೇಲಿಗೆ ಬಡಿದುಕೊಂಡಿತು. ಹನ್ನೊಂದಕ್ಕೆ ದೀಪ ಒಮ್ಮೆ ಆರಿ, ಪಂಪಿನ ಸದ್ದು ನಿಂತು, ಜನರೇಟರ್ ಹಿಡಿಯುವ ತನಕದ ಆ ಅರ್ಧ ನಿಮಿಷ ನಾನು ಗುಡ್ಡದ ಮೇಲಿನ ಚಾವಣಿಗಳನ್ನು ಎಣಿಸುತ್ತಿದ್ದೆ. ಏಕೆ ಎಣಿಸಿದೆನೋ ಗೊತ್ತಿಲ್ಲ. ನಾಲ್ಕು ಗಂಟೆಗೆ ಕರೆಂಟ್ ಬಂತು. ಹೊಗೆ ಎಲ್ಲೂ ಕಾಣಲಿಲ್ಲ. ಆಪರೇಟರ್ ಎದೆಯ ಮೇಲೆ ಶಿಲುಬೆ ಗುರುತು ಮಾಡಿಕೊಂಡು, "ಇನ್ನೊಂದ್ಸಲ ಈ ಕೆಲಸ ನನ್ನ ಕೈಲಿ ಮಾಡಿಸ್ಬೇಡಿ" ಎಂದ.

ಭಾನುವಾರ ಎರಡನೆಯ ಪರೀಕ್ಷೆಯೂ ಪಾಸಾಯಿತು. ಟ್ಯಾಂಕನ್ನು ಅರ್ಧಕ್ಕೆ ತುಂಬಿಸಿ ನಿಲ್ಲಿಸಿದೆವು.

ಆಂಟಿಗೆ ಏನೂ ಆಗಲಿಲ್ಲ. ಇದನ್ನು ಮೊದಲೇ ಹೇಳಬೇಕಿತ್ತೇನೋ. ಈಗ ಅವರು ನೀರು ಕಾಯಿಸಿ, ಆರಿಸಿ, ಫಿಲ್ಟರ್‌ಗೂ ಹಾಕಿ ಕುಡಿಯುತ್ತಾರೆ. ಕಾಫಿಗೆ ಕರೆಯುವುದನ್ನು ಬಿಟ್ಟಿಲ್ಲ, ಆದರೆ ಬಾಗಿಲಿನಿಂದ ಕೂಗಿ ಅಲ್ಲ.

ನವೆಂಬರ್‌ನ ಮೊದಲ ಬುಧವಾರ ಗುಡ್ಡಕ್ಕೆ ಹೋದಾಗ, ಸರದಿಯ ದಿನವಲ್ಲದಿದ್ದರೂ ಮೂರು ಮನೆಗಳಲ್ಲಿ ಸ್ಪ್ರಿಂಕ್ಲರ್ ತಿರುಗುತ್ತಿತ್ತು. ಪಕ್ಕದ ಮನೆಯವನು ಕಾರು ತೊಳೆಯುತ್ತಿದ್ದ. ಹೋಸ್‌ಪೈಪನ್ನು ಹುಲ್ಲಿನ ಮೇಲೆ ಬಿಟ್ಟು, ನನಗೆ ಕೈ ಬೀಸಿದ. ಅಂಕಲ್ ಹೊರಗೆ ಬರಲಿಲ್ಲ. ಬಕೆಟ್‌ಗಳು ಗ್ಯಾರೇಜಿನ ಗೋಡೆಗೆ ಬೋರಲಾಗಿದ್ದವು. ನಾನೇ ತಂದು ನಲ್ಲಿಯಡಿ ಇಟ್ಟೆ. ಐದು ನಿಮಿಷ ನೀರು ಬಿಟ್ಟೆ. ತುಂಬಿದ ಎರಡನ್ನೂ ಗುಲಾಬಿ ಗಿಡದ ಪಕ್ಕ ಇಟ್ಟು, ಸೀಸೆಗೆ ಪುಡಿ ಹಾಕಿ ಅಲ್ಲಾಡಿಸಿದೆ. ಗಾಢ ಗುಲಾಬಿ. ಎರಡು ದಾಟಿ ಎರಡೂಕಾಲು. ಇನ್ನೊಂದು ಸೀಸೆಯಲ್ಲಿ ಬಣ್ಣವಿಲ್ಲ. ನಾಲ್ಕು ತಿಂಗಳಿಂದ ನಾನು ಕಾಯುತ್ತಿದ್ದ ಅಂಕಿ. ಗುಡ್ಡದವರು ಮತ್ತೆ ನೀರನ್ನು ಮನಸ್ಸಿಗೆ ಬಂದಂತೆ ಬಳಸುತ್ತಿದ್ದರು, ಆದ್ದರಿಂದ ಟ್ಯಾಂಕಿನ ನೀರು ದಿನಾ ಹೊಸದಾಗುತ್ತಿತ್ತು. ಮಳೆ ಇನ್ನೂ ಬಂದಿರಲಿಲ್ಲ. ಕಾಲುವೆಯ ಪಾಲೂ ಹೆಚ್ಚಿರಲಿಲ್ಲ.

ಮುಂದಿನ ಬುಧವಾರ ಹೋದಾಗ ಬಕೆಟ್‌ಗಳು ನಾನು ಇಟ್ಟಲ್ಲೇ ಇದ್ದವು, ತುಂಬಿಕೊಂಡು. ಮೇಲೆ ಎಲೆ ಬಿದ್ದಿತ್ತು, ಸೊಳ್ಳೆಯ ಹುಳುಗಳು ಆಡುತ್ತಿದ್ದವು. ಎರಡನ್ನೂ ಗಿಡದ ಬುಡಕ್ಕೆ ಚೆಲ್ಲಿದೆ. ಒಳಗೆಲ್ಲ ಕೈಯಿಂದ ಉಜ್ಜಿ ತೊಳೆದೆ. ಆಮೇಲೆ ಒಂದನ್ನು ನಲ್ಲಿಯಡಿ ಇಟ್ಟು, ಥರ್ಮಾಮೀಟರ್ ತೆಗೆದೆ.